ಲೀಟರಿಗೆ ಎಷ್ಟು ಕಿಸೆ

ಹೊಸಪೇಟೆ ರಸ್ತೆ ಶೋರೂಮಿನ ಗಾಜಿನ ಬಾಗಿಲು
ತಾನಾಗೇ ತೆರೀತು. ಹೊನ್ನೂರಬಿ ಹಿಂದೆ ಸರಿದಳು,
ಆಮೇಲೆ ನಕ್ಕಳು.
ನನ್ನ ಕೊರಳಾಗ ಟೇಪು ಹಂಗೇ ಇತ್ತು,
ಸೆರಗಿಗೆ ನೀಲಿ ದಾರದ ಚೂರು.

ಗಾದಿಲಿಂಗ ಅನ್ನೋ ಹುಡುಗ ತಣ್ಣೀರು ಕೊಟ್ಟ.
"ಚಿಕ್ಕ ಎಸ್‌ಯುವಿ, ಮೇಡಂ. ಲೀಟರಿಗೆ ಇಪ್ಪತ್ತೆರಡು."
ಯಾವ ಊರಾಗ? ಅಂದೆ.
ಮೇ ತಿಂಗಳಾಗ, ಏಸಿ ಹಾಕ್ಕೊಂಡು,
ಮುಂಡರಗಿ ವಾಷಿಂಗ್ ಯೂನಿಟ್ಟಿನ ದಾರಿ ಮ್ಯಾಲೆ
ಅದಿರು ಲಾರಿ ಬೆನ್ನು ನೋಡ್ಕೋತ,
ನಾಕು ಗಂಟು ಪ್ಯಾಂಟು, ಒಬ್ಬಾಕಿ ಹೊನ್ನೂರಬಿ,
ಇಷ್ಟು ಹೊತ್ಕೊಂಡು ಎಷ್ಟು?
ಹುಡುಗ ಒಳ್ಳೆಯವನು. ತಲೆ ಕೆರಕೊಂಡ.
"ಹದಿನಾರು ಅನ್ಕೊಳ್ರಿ."

ನಮ್ಮ ಲೆಕ್ಕ ಬೇರೆ.
ಹಿಂದಿನ ಕಿಸೆ ಜೋಡಿ ಹೊಲಿದರೆ ನಾಕು ರೂಪಾಯಿ,
ಒಂದು ಲೀಟರಂದ್ರೆ ಇಪ್ಪತ್ತಾರು ಜೋಡಿ.
ಗುಂತಕಲ್ಲಿಗೆ ಹೋಗಿ ಬಂದರೆ ನೂರಾ ಅರವತ್ತು.
ಅಷ್ಟು ಕಿಸೆಯಾಗ ಯಾರ್ಯಾರು ಕೈ ಇಡ್ತಾರೋ,
ಏನೇನು ಮುಚ್ಚಿಡ್ತಾರೋ.

ಟೇಪು ತೆಗೆದು ಡಿಕ್ಕಿ ಅಳೆದೆ.
ಗಂಟು ಅಡ್ಡಡ್ಡ ಹೋಗಂಗಿಲ್ಲ, ಉದ್ದುದ್ದ ಹೋದಾವು.
ಬಗ್ಗಿ, ಗಾಡಿ ಹೊಟ್ಟೆಗೂ ನೆಲಕ್ಕೂ ಇಟ್ಟೆ.
ಹಾಳೆಯಾಗ ಎಂಟು ಇಂಚು, ಟೇಪಿನಾಗ ಏಳೂ ಮುಕ್ಕಾಲು.
"ಒಗೆದ ಮ್ಯಾಲೆ ಕುಗ್ಗೈತಿ," ಅಂದಳು ಹೊನ್ನೂರಬಿ.

ಆಮೇಲೆ ಲೀಸಿನ ಮಾತು ಬಂತು.
ಮುಂಗಡ ಕಡಿಮಿ, ತಿಂಗಳ ಬಾಡಿಗೆ,
ಮೂರು ವರ್ಷಕ್ಕೆ ಕೀ ವಾಪಸ್.
ನನ್ನ ಹೊಟ್ಟೆಯಾಗ ಏನೋ ಎದ್ದಿತು.
ಹನ್ನೊಂದು ವರ್ಷದ ಹಿಂದೆ, ಹೊನ್ನೂರಬಿ ಪಡಸಾಲಿ:
ಎರಡು ತಿಂಗಳು ಬಾಡಿಗೆ ತಪ್ಪಿತು ಅಂತ
ಮಾಲೀಕ ಬಂದು ಮಿಷನ್ ಎತ್ತಿಸಿದ.
ಸೂಜಿ ಕೆಳಗೆ ಪ್ಯಾಂಟಿನ ಎಡಗಾಲು ಸಿಕ್ಕೊಂಡಿತ್ತು,
ಆಟೋದಾಗ ಜೋತಾಡ್ತ ಹೋತು.
ಕೊಂಡುಬಿಡಾಣ, ಅಂದೆ.
ನಮ್ಮದು ಅಂತ ಆಗಲಿ.

ಆಕಿ ಮಾತಾಡಲಿಲ್ಲ.

ಓಡಿಸಿ ನೋಡಾಕ ಹೊಂಟರೆ ರೈಲ್ವೆ ಗೇಟು ಬಿದ್ದಿತ್ತು.
ಗಾಡಿ ನಿಂತಿತು. ಎಂಜಿನ್ನೂ ನಿಂತಿತು.
ಕೆಟ್ಟು ಹೋತೇನಪ್ಪ?
"ಇಲ್ಲ ಮೇಡಂ, ನಿಂತಾಗ ತಾನೇ ಆರತೈತಿ,
ಪೆಟ್ರೋಲು ಉಳೀಲಿ ಅಂತ."

ಒಬ್ಬರ ಮುಖ ಒಬ್ಬರು ನೋಡಿದಿವಿ.
ನಮ್ಮ ಹಳೇ ಕ್ಲಚ್ ಮೋಟರು
ಹೊಲಿದರೂ ಗುಂಯ್, ಹೊಲೀದಿದ್ದರೂ ಗುಂಯ್,
ದಾರ ಪೋಣಿಸುವಾಗ, ಚಾ ಕುಡಿಯುವಾಗ,
ಗುಂಡಿ ಎಣಿಸುವಾಗ,
ಮೀಟರು ತಿರುಗತಾನೇ ಇತ್ತು.
ಸರ್ವೋ ಮೋಟರು ಹಾಕಿಸಿದ ದಿನ
ಕಾಲು ತೆಗೆದರೆ ಇಡೀ ಷೆಡ್ಡು ಸುಮ್ಮನಾತು.
ಹದಿನಾಕು ಹೆಂಗಸರು ಹೆದರಿ ತಲೆ ಎತ್ತಿದರು.
ಮೂಲೆಯಾಗ ಮಾರೆಕ್ಕನ ಬಿಕ್ಕಳಿಕೆ ಕೇಳಿತು.
ಅಷ್ಟು ವರ್ಷ ಬಿಕ್ಕಿದ್ದಳೋ ಏನೋ,
ಯಾರಿಗೂ ಗೊತ್ತಿರಲಿಲ್ಲ.

ಗೂಡ್ಸು ಬಂತು. ಅದಿರು, ಅದಿರು, ಅದಿರು.
ಐವತ್ತೆಂಟು ಡಬ್ಬಿ. ಎಣಿಸಿದ್ದು ಹೊನ್ನೂರಬಿ.
ಕೊನೇ ಡಬ್ಬಿ ಹೋದ ಮ್ಯಾಲೆ ಅಂದಳು:

"ಸುಂಕಕ್ಕ, ಲೀಸೇ ತಗೊಳ್ಳಾಣ.
ಪೆನ್ಸಿಲ್ ಫಿಟ್ಟು ಹೋತು, ಮತ್ತ ಬ್ಯಾಗಿ ಬಂತು.
ಗಾಡಿನೂ ಹಂಗ. ಮೂರು ವರ್ಷಕ್ಕ ಇದರ ಅಪ್ಪ ಬರ್ತೈತಿ,
ಪೆಟ್ರೋಲೇ ಮುಟ್ಟದಂಥದು.
ಅವತ್ತು ನಮ್ಮ ಕೈಯಾಗ ಕಾಗದ ಇರಲಿಲ್ಲ,
ಬರೇ ಬಾಯಿಮಾತು.
ಇವತ್ತು ಬರಸ್ಕೊಳ್ಳಾಣ:
ಕೆಂಪು ಧೂಳಿಗೆ ದಂಡ ಇಲ್ಲ,
ಸಣ್ಣ ಗೀರಿಗೆ ದಂಡ ಇಲ್ಲ,
ಬಾಡಿಗೆ ತಪ್ಪಿದರೆ ಅರವತ್ತು ದಿನ ತಡೀಬೇಕು."

ಮಿಷನ್ ಕಳಕೊಂಡಾಕಿ ಆಕಿ.
ಹೆದರಿಕೆ ಇಟ್ಕೊಂಡಾಕಿ ನಾನು.

ಗೇಟು ಎದ್ದಿತು. ಹುಡುಗ ಕಾಲಿಟ್ಟ,
ಗಾಡಿ ನಿದ್ದಿಯಿಂದೆದ್ದ ಕೂಸಿನಂಗ ಒಮ್ಮೆ ನಡುಗಿ ಹೊಂಟಿತು.
ನನಗಿನ್ನೂ ಮನಸ್ಸಿರಲಿಲ್ಲ.
ಟೇಪು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಸುತ್ತಿದೆ.

ಗಾದಿಲಿಂಗ, ಅಂದೆ,
ಅರವತ್ತಲ್ಲಪ್ಪ,
ತೊಂಬತ್ತು ಅಂತ ಬರಿ.